ಈ ಗೀರು ಕಂಡದ್ದು ಯಾರಿಗೆ?

ಕಾರವಾರದ ನಮ್ಮ ಹೈಸ್ಕೂಲಿನಲ್ಲಿ ಸೂಕ್ಷ್ಮದರ್ಶಕ ಇದ್ದದ್ದು ಒಂದೇ. ಅದರ ಕನ್ನಡಿ ಉಪ್ಪುಗಾಳಿಗೆ ಮಾಸಿಹೋಗಿತ್ತು. ಕಿಟಕಿ ಹತ್ತಿರ ಒಯ್ದು ಬೆಳಕು ಹಿಡಿಯುವುದರಲ್ಲೇ ಅರ್ಧ ಪೀರಿಯಡ್ ಮುಗಿಯುತ್ತಿತ್ತು. ವಿಜ್ಞಾನದ ಅಕ್ಕೋರು ಒಂದು ದಿನ ಕೋಡಿಬಾಗದಿಂದ ಬಾಟಲಿಯಲ್ಲಿ ಕಾಳಿ ನದಿಯ ನೀರು ತರಿಸಿದರು. ಒಂದು ಹನಿಯೊಳಗೆ ದೋಣಿಯಂಥ ಡಯಾಟಮ್, ಅಂದರೆ ಚಿಪ್ಪು ತೊಟ್ಟ ಒಂದೇ ಕೋಶದ ಪಾಚಿ. ನಮಗೆ ಕಾಣುತ್ತಿದ್ದದ್ದು ಬರೀ ಅದರ ಅಂಚು. ನಾನು ರೆಕಾರ್ಡ್ ಪುಸ್ತಕದಲ್ಲಿ ದೋಣಿ ಬರೆದು, ಮೈತುಂಬ ಅಂದವಾಗಿ ಅಡ್ಡಗೀರು ಎಳೆದೆ.

"ಈ ಗೀರು ನಿಂಗೆ ಕಂಡಿತ್ತಾ, ಪುಸ್ತಕದವರಿಗೆ ಕಂಡಿತ್ತಾ?" ಅಂದರು ಅಕ್ಕೋರು. ಉಜ್ಜಿ ಉಜ್ಜಿ ಅಳಿಸಿದೆ. ಹಾಳೆ ತೂತಾಯಿತು.

ಈಗ ಬೆಂಗಳೂರಿನ ಲ್ಯಾಬೊಂದರಲ್ಲಿ, ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ನೋಡುವ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ಹಸನು ಮಾಡುವುದೇ ನನ್ನ ಕೆಲಸ. ಬೆಳಕಿನ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೊಮೀಟರಿಗೆ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಸೋಲುತ್ತದೆ. ಇದು ಕೆಲವೇ ನ್ಯಾನೊಮೀಟರಿನ ತನಕ ಇಳಿಯುತ್ತದೆ. ಅಂದಿನ ಗೀರು ಗೀರೇ ಅಲ್ಲ, ಸಿಲಿಕಾ ಚಿಪ್ಪಿನಲ್ಲಿ ಸಾಲಾಗಿ ಕೂತ ತೂತುಗಳು ಎಂದು ಇದರಲ್ಲೇ ನೋಡಿದೆ. (ಪತ್ರಿಕೆಗಳಲ್ಲಿ ಇಂಥ ಚಿತ್ರಕ್ಕೆ ಇರುವ ಬಣ್ಣವೆಲ್ಲ ಆಮೇಲೆ ಬಳಿದದ್ದು. ಎಲೆಕ್ಟ್ರಾನಿಗೆ ಬಣ್ಣ ಗೊತ್ತಿಲ್ಲ.)

ಮೊದಲು ಬರುವ ಚಿತ್ರ ಆಷಾಢದ ಸಮುದ್ರದ ಹಾಗೆ, ಎಲ್ಲ ಬೂದಿ. ಕಪ್ಪಿನ 0ಯಿಂದ ಬಿಳಿಯ 255ರ ತನಕ ಜಾಗವಿದ್ದರೂ ಬಿಂದುಗಳೆಲ್ಲ ನಡುವೆಯೇ ಗುಂಪುಗೂಡಿರುತ್ತವೆ. ಅವನ್ನು ಆಚೀಚೆ ಹರಡಿದರೆ ಚಿಪ್ಪು ಎದ್ದು ಕಾಣುತ್ತದೆ. ಅದರ ಮೇಲೆ ರವೆ ಎರಚಿದಂತೆ ನಾಯ್ಸ್, ಅಂದರೆ ಸ್ಯಾಂಪಲ್ಲಿನಲ್ಲಿ ಇಲ್ಲದ ಚುಕ್ಕೆಗಳು. ಅದೇ ಜಾಗವನ್ನು 16 ಸಲ ಸ್ಕ್ಯಾನ್ ಮಾಡಿ ಸರಾಸರಿ ತೆಗೆದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ, ಸ್ಯಾಂಪಲ್ ಮಾತ್ರ ಅಲುಗಬಾರದು. ಮೀಡಿಯನ್ ಫಿಲ್ಟರ್ ಪ್ರತಿ ಬಿಂದುವನ್ನೂ ಸುತ್ತಲಿನ ಎಂಟರ ಜೊತೆ ಸಾಲಾಗಿ ನಿಲ್ಲಿಸಿ, ನಡುವಿನ ಬೆಲೆಯನ್ನು ಇಟ್ಟುಕೊಳ್ಳುತ್ತದೆ. ಚುಕ್ಕೆ ಹೋಗುತ್ತದೆ, ಒಮ್ಮೊಮ್ಮೆ ಚುಕ್ಕೆಯಷ್ಟೇ ಇರುವ ನಿಜವಾದ ತೂತೂ ಹೋಗುತ್ತದೆ.

ಸೇರಿದ ಹೊಸತರಲ್ಲಿ ನಾನು ಶಾರ್ಪನಿಂಗ್, ಅಂದರೆ ಅಂಚುಗಳನ್ನು ಚೂಪುಗೊಳಿಸುವುದನ್ನು, ಅತಿ ಮಾಡಿದ್ದೆ. ಪ್ರತಿ ತೂತಿಗೂ ಬಳೆ ತೊಡಿಸಿದ ಹಾಗೆ ಬಿಳಿ ಅಂಚು ಬಂತು. ಖುಷಿಯಲ್ಲಿ ಆ ಬಳೆಗಳ ದಪ್ಪ ಅಳೆದು ಪಟ್ಟಿಯನ್ನೂ ಮಾಡಿದೆ. "ಮೂಲ ಫೈಲ್ ತೆಗಿ ನೋಡುವಾ" ಅಂದರು ಹಿರಿಯರೊಬ್ಬರು. ಅಲ್ಲಿ ಬಳೆಯೇ ಇಲ್ಲ! ಅಕ್ಕೋರು ಬೆನ್ನ ಹಿಂದೆ ಬಂದು ನಿಂತಂತಾಯಿತು.

ಅವತ್ತಿನಿಂದ ನನ್ನ ಕಂಪ್ಯೂಟರಿನಲ್ಲಿ ಎರಡು ಫೋಲ್ಡರ್. ಮುಟ್ಟದ ಚಿತ್ರಗಳಿಗೆ 'ಕಂಡದ್ದು'. ಹಸನು ಮಾಡಿದವಕ್ಕೆ 'ಮಾಡಿದ್ದು', ಯಾವ ಫಿಲ್ಟರ್, ಎಷ್ಟು ಸಲ ಎಂಬ ಟಿಪ್ಪಣಿ ಸಮೇತ. ಲ್ಯಾಬಿನ ಹೊರರಾಜ್ಯದ ಹುಡುಗರಿಗೆ ಕನ್ನಡ ಬರುವುದಿಲ್ಲ, ಆದರೆ ಈ ಎರಡು ಶಬ್ದ ಕಲಿತಿದ್ದಾರೆ.