“ನುಡಿಸೋದು ಕಂಪ್ಯೂಟರ್ ಅಲ್ವಾ, ನೀವೇನು ಮಾಡ್ತೀರಿ?”

ಲೈವ್ ಕೋಡಿಂಗ್ ಕಾರ್ಯಕ್ರಮ ಮುಗಿಸಿ ವೈರು ಸುತ್ತುತ್ತಿರುವಾಗ ಯಾರಾದರೊಬ್ಬರು ಬಂದು ಇದನ್ನು ಕೇಳಿಯೇ ಕೇಳುತ್ತಾರೆ. ವೇದಿಕೆ ಮೇಲೆ ನಾನು ಲ್ಯಾಪ್‌ಟಾಪ್ ಮುಂದೆ ಕೂತು ಕೋಡ್ ಬರೆಯುತ್ತೇನೆ. ಬರೆದ ಸಾಲು ಅಲ್ಲೇ ಸಂಗೀತವಾಗುತ್ತದೆ. ಹಿಂದಿನ ದೊಡ್ಡ ಪರದೆಯಲ್ಲಿ ನನ್ನ ಒಂದೊಂದು ಅಕ್ಷರವೂ ಕಾಣುತ್ತಿರುತ್ತದೆ.

ಹೌದು, ಸದ್ದು ಮಾಡುವುದು ಕಂಪ್ಯೂಟರೇ. ಏನು ನುಡಿಸಬೇಕು ಅನ್ನುವ ನಿಯಮ ಬರೆಯುವುದು ನಾನು. ಅದು ನುಡಿಯುತ್ತಿರುವಾಗಲೇ ಆ ನಿಯಮವನ್ನು ಬದಲಿಸುತ್ತಾ ಹೋಗುತ್ತೇನೆ. ನನ್ನ ಮನೋಧರ್ಮ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು, ಇರುವುದು ಅಲ್ಲಿ.

ನಾನು ಬಳಸುವುದು ಟೈಡಲ್‌ಸೈಕಲ್ಸ್ ಅನ್ನುವ ತಂತ್ರಾಂಶ. ಇಂಗ್ಲೆಂಡಿನ ಅಲೆಕ್ಸ್ ಮೆಕ್ಲೀನ್ ಶುರು ಮಾಡಿದ್ದು, ಎಲ್ಲರಿಗೂ ಉಚಿತ. ಇದರಲ್ಲಿ ಕಾಲ ಸುತ್ತುಸುತ್ತಾಗಿ ನಡೆಯುತ್ತದೆ, ನಮ್ಮ ತಾಳದ ಆವರ್ತದ ಹಾಗೆ. ಒಂದು ಸುತ್ತಿಗೆ ನಾಲ್ಕು ಪದ ಬರೆದರೆ ಒಂದೊಂದಕ್ಕೂ ಕಾಲು ಭಾಗ. ಐದು ಬರೆದರೆ ಸುತ್ತು ಉದ್ದವಾಗುವುದಿಲ್ಲ, ಅಷ್ಟೇ ಜಾಗದಲ್ಲಿ ಐದೂ ಸಮನಾಗಿ ಕೂರುತ್ತವೆ. ‘ತಕಧಿಮಿ’ ಹೇಳುತ್ತಿದ್ದವರು ತಾಳ ಬಿಡದೆ ‘ತಕತಕಿಟ’ಕ್ಕೆ, ಅಂದರೆ ಐದರ ಖಂಡ ನಡೆಗೆ, ಹೋದಂತೆ. ‘ಫಾಸ್ಟ್ 2’ ಅಂದರೆ ಎರಡನೇ ಕಾಲ, ಎರಡು ಪಟ್ಟು ವೇಗ. ‘ಪ್ರತಿ ಮೂರನೇ ಸುತ್ತಿನಲ್ಲಿ ತಿರುವಿ ನುಡಿಸು’ ಅಂತಲೂ ಒಂದೇ ಸಾಲಿನಲ್ಲಿ ಹೇಳಬಹುದು.

ಈ ಹೋಲಿಕೆ ಸುಮ್ನೆ ನನ್ನ ಕಲ್ಪನೆ ಅಲ್ಲ. 1980ರ ದಶಕದಲ್ಲಿ ಬರ್ನಾರ್ಡ್ ಬೆಲ್ ಮತ್ತು ಜಿಮ್ ಕಿಪ್ಪನ್ ಅನ್ನುವ ಸಂಶೋಧಕರು ಲಖನೌ ತಬಲಾದ ಕಾಯದಾಗಳ (ಒಂದು ಮೂಲ ಲಯವನ್ನು ಬಗೆಬಗೆಯಾಗಿ ಬೆಳೆಸುವ ರಚನೆಗಳ) ಹಿಂದಿನ ನಿಯಮಗಳನ್ನು ಕಂಪ್ಯೂಟರಿಗೆ ಕಲಿಸಲು ಹೊರಟರು. ಅದು ಹೊಸೆದ ಬೋಲುಗಳನ್ನು, ಅಂದರೆ ತಬಲಾದ ನುಡಿಗಳನ್ನು, ತಬಲಾ ಉಸ್ತಾದರು ಕೇಳಿ ಸರಿ, ತಪ್ಪು ಹೇಳುತ್ತಿದ್ದರು. ಹಾಗೆ ಬೆಳೆದ ಬೋಲ್ ಪ್ರೊಸೆಸರ್ ಅನ್ನುವ ತಂತ್ರಾಂಶದ ಬರವಣಿಗೆಯಿಂದ ಟೈಡಲ್ ತನ್ನ ಲಯ ಬರೆಯುವ ರೀತಿಗೆ ಸ್ಫೂರ್ತಿ ಪಡೆದಿದೆ. ಇದು ಗೊತ್ತಾದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಎಲ್ಲವೂ ವೇದಿಕೆಯಲ್ಲೇ ಹುಟ್ಟುತ್ತದೆ ಅಂತ ಹೇಳಲಾರೆ. ಡ್ರಮ್ಮಿನ ಸದ್ದುಗಳನ್ನು ಮೊದಲೇ ಜೋಡಿಸಿಟ್ಟುಕೊಂಡಿರುತ್ತೇನೆ. ಮನೆಯಲ್ಲಿ ದಿನಾ ಅಭ್ಯಾಸ ಇದ್ದೇ ಇದೆ. ಆದರೆ ಖಾಲಿ ಪರದೆಯಿಂದಲೇ ಶುರು ಮಾಡುತ್ತೇನೆ. ಅಲ್ಲಿರುವ ದೊಡ್ಡ ಕಷ್ಟ ಕಾಯುವುದು. ಮೃದಂಗದವರಿಗೆ ಹೊಳೆದದ್ದು ಆ ಕ್ಷಣವೇ ಬೆರಳಿಗೆ ಬರುತ್ತದೆ. ನನಗೆ ಹೊಳೆದದ್ದನ್ನು ಟೈಪ್ ಮಾಡುವಷ್ಟರಲ್ಲಿ ಐದಾರು ಸುತ್ತು ಕಳೆದಿರುತ್ತದೆ. ಹಾಗಾಗಿ ಈಗ ಕೇಳುತ್ತಿರುವುದನ್ನು ಬಿಟ್ಟು, ಮುಂದೆ ಏನು ಬೇಕಾಗುತ್ತದೆ ಅಂತ ಯೋಚಿಸಬೇಕು. ಇದು ಇನ್ನೂ ನನಗೆ ಪೂರ್ತಿ ಕೈವಶವಾಗಿಲ್ಲ.

ತಪ್ಪಾದರೆ? ಕೋಡಿನ ವ್ಯಾಕರಣ ತಪ್ಪಿದರೆ ಹಳೆಯ ಲಯವೇ ಮುಂದುವರಿಯುತ್ತದೆ, ಕೆಳಗೆ ದೋಷದ ಸಾಲು ಕಾಣುತ್ತದೆ. ಅಂಕಿ ತಪ್ಪಿದರೆ ಮಾತ್ರ ಅದು ಹಾಗೇ ನುಡಿದುಬಿಡುತ್ತದೆ. ಒಮ್ಮೆ ‘ಫಾಸ್ಟ್ 2’ ಬರೆಯಲು ಹೋಗಿ 22 ಒತ್ತಿದೆ. ಎರಡು ಸೆಕೆಂಡಿನ ಸುತ್ತು, ಅದರಲ್ಲಿ ಎಂಟು ಪೆಟ್ಟು. 22 ಪಟ್ಟಾದಾಗ ಸೆಕೆಂಡಿಗೆ 88 ಪೆಟ್ಟು. ಅಷ್ಟು ವೇಗದಲ್ಲಿ ಕಿವಿಗೆ ಪೆಟ್ಟು ಬೇರೆಬೇರೆಯಾಗಿ ಕೇಳುವುದಿಲ್ಲ, ಎಲ್ಲ ಸೇರಿ ಒಂದು ಸ್ವರ ಆಗುತ್ತದೆ. ತಾಳ ಇದ್ದ ಕಡೆ ತಂಬೂರಿಯಂಥ ತಗ್ಗಿನ ಗುಂಯ್‌ಗುಟ್ಟುವಿಕೆ! ನಾನು ಅದನ್ನು ಅಳಿಸಲಿಲ್ಲ. ಅದರ ಮೇಲೆಯೇ ಉಳಿದದ್ದನ್ನು ಕಟ್ಟಿದೆ.

ಪರದೆ ತೋರಿಸುವುದೂ ಇದೆಲ್ಲ ಕೇಳುವವರಿಗೆ ಕಾಣಲಿ ಅಂತಲೇ. 2004ರಲ್ಲಿ ಹ್ಯಾಂಬರ್ಗ್‌ನಲ್ಲಿ ಟಾಪ್‌ಲ್ಯಾಪ್ ಅನ್ನುವ ಲೈವ್ ಕೋಡಿಂಗ್ ಮಾಡುವವರ ಬಳಗ ಹುಟ್ಟಿತು. ‘ನಿಮ್ಮ ಪರದೆ ತೋರಿಸಿ’ ಅನ್ನುವುದು ಅವರ ಪ್ರಣಾಳಿಕೆಯ ಮುಖ್ಯ ಮಾತು. ಲ್ಯಾಪ್‌ಟಾಪ್ ಹಿಂದೆ ಮುಖ ಮರೆಸಿಕೊಂಡರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ ಅಲ್ವಾ? ಕಛೇರಿಯಲ್ಲಿ ಹಾಡುವವರು ತೊಡೆಯ ಮೇಲೆ ತಾಳ ಹಾಕುತ್ತಾರೆ. ಅದನ್ನು ನೋಡಿ ನಾವೂ ಲೆಕ್ಕ ಹಿಡಿಯುತ್ತೇವೆ. ನನಗೆ ಪರದೆ ಅಂದರೆ ಆ ಕೈ.

ಮೃದಂಗ ಕಲಿಯುತ್ತಿರುವ ನಮ್ಮಕ್ಕನ ಮಗಳು ಈಚೆಗೆ ಮುಂದಿನ ಸಾಲಲ್ಲಿ ಕೂತಿದ್ದಳು. ನಾನು ನಾಲ್ಕು ಪದದ ಸಾಲಿಗೆ ಐದನೆಯದನ್ನು ಸೇರಿಸಿ, ಇನ್ನೂ ಎಂಟರ್ ಒತ್ತಿರಲಿಲ್ಲ. “ಅಮ್ಮಾ, ಈಗ ಖಂಡ ನಡೆ ಬರುತ್ತೆ ನೋಡು” ಅಂತ ಅವಳು ಪಕ್ಕದಲ್ಲಿದ್ದ ಅಕ್ಕನಿಗೆ ಹೇಳಿದ್ದು ವೇದಿಕೆವರೆಗೂ ಕೇಳಿಸಿತು.