ಈ ಮೇಲ್‌ಗೆ ದಯವಿಟ್ಟು ಉತ್ತರಿಸಬೇಡಿ

ರೆಸ್ಯೂಮ್ ಅಪ್‌ಲೋಡ್ ಮಾಡಿ ಅನ್ನುತ್ತಾರೆ. ಮಾಡುತ್ತೇವೆ. ಮುಂದಿನ ಪುಟಕ್ಕೆ ಹೋದರೆ ಅದರಲ್ಲಿ ಇರುವುದನ್ನೆಲ್ಲ ಒಂದೊಂದಾಗಿ ಮತ್ತೆ ಟೈಪ್ ಮಾಡಿ ಅನ್ನುತ್ತಾರೆ. ಹಾಗಾದರೆ ಅಪ್‌ಲೋಡ್ ಮಾಡಿಸಿದ್ದು ಯಾವ ಪುರುಷಾರ್ಥಕ್ಕೆ?

ಕೆಲವು ಸೈಟ್‌ಗಳು ತಾವೇ ಓದಿ ತುಂಬಿಕೊಳ್ಳುತ್ತವೆ. ಅದು ಇನ್ನೂ ಚೆಂದ. ನನ್ನದು ಎರಡು ಕಾಲಂ ಇದ್ದ ರೆಸ್ಯೂಮ್. ಎಡಗಡೆ ಗೊತ್ತಿರುವ ಸಾಫ್ಟ್‌ವೇರ್‌ಗಳು, ಬಲಗಡೆ ಕೆಲಸ ಮಾಡಿದ ಕಂಪನಿಗಳು. ಯಂತ್ರ ಎರಡನ್ನೂ ಸೇರಿಸಿ ಒಂದೇ ಸಾಲು ಅಂತ ಓದಿತು. ಹೆಸರಿನ ಜಾಗದಲ್ಲಿ 'ಸೀನಿಯರ್ ಟೆಕ್ನಿಕಲ್' ಬಂತು. ಹಿಂದಿನ ಕಂಪನಿ ಯಾವುದು ಅನ್ನುವಲ್ಲಿ 'ಫೋಟೋಶಾಪ್'. ಹುದ್ದೆ ಅನ್ನುವಲ್ಲಿ ನನ್ನ ಫೋನ್ ನಂಬರ್. ಎಲ್ಲ ಅಳಿಸಿ, ಸರಿ ಮಾಡಿ, ಕೊನೆಗೆ ಕೆಂಪು ನಕ್ಷತ್ರ ಇದ್ದ 'ನಿರೀಕ್ಷಿತ ಸಂಬಳ'ಕ್ಕೆ ಬಂದೆ. 'ಮಾತಾಡಿ ನಿರ್ಧರಿಸೋಣ' ಅಂತ ಬರೆದರೆ ಒಪ್ಪಲಿಲ್ಲ, ಅಂಕಿಯೇ ಬೇಕಂತೆ. ಅವರು ಎಷ್ಟು ಕೊಡುತ್ತಾರೆ ಅನ್ನುವುದು ಮಾತ್ರ ಜಾಹೀರಾತಿನಲ್ಲಿ ಎಲ್ಲೂ ಇರಲಿಲ್ಲ. ಏನೋ ಒಂದು ಹಾಕಿ ಕಳಿಸಿದೆ. ಎರಡೇ ಸೆಕೆಂಡಿಗೆ ಮೇಲ್ ಬಂತು. ಆಸಕ್ತಿ ತೋರಿಸಿದ್ದಕ್ಕೆ ಧನ್ಯವಾದ, ಇದು ತಾನಾಗಿಯೇ ಹೋಗುವ ಸಂದೇಶ, ದಯವಿಟ್ಟು ಉತ್ತರಿಸಬೇಡಿ.

ಆಮೇಲೆ ಅವರೂ ಉತ್ತರಿಸಲಿಲ್ಲ.

ನಾನು ಟೆಕ್ನಿಕಲ್ ರೈಟರ್. ಸಾಫ್ಟ್‌ವೇರ್ ಜೊತೆ 'ಹೇಗೆ ಬಳಸಬೇಕು' ಅನ್ನುವ ಪುಟಗಳು ಬರುತ್ತವಲ್ಲ, ಯಾರೂ ಓದದೆ ನೇರ ಬಟನ್ ಒತ್ತುತ್ತಾರಲ್ಲ, ಅವನ್ನು ಬರೆಯುವವಳು. ವಯಸ್ಸು ನಲವತ್ತು ದಾಟಿದೆ. ಹೋದ ವರ್ಷ ಕಂಪನಿ ನಮ್ಮ ಇಡೀ ತಂಡವನ್ನೇ ಕೈಬಿಟ್ಟಿತು. ಆವತ್ತಿನಿಂದ ಸಣ್ಣಪುಟ್ಟ ಕಾಂಟ್ರ್ಯಾಕ್ಟ್ ಕೆಲಸ ಮಾಡಿಕೊಂಡು, ಪಕ್ಕದಲ್ಲಿ ಹುಡುಕುತ್ತಾ ಇದ್ದೇನೆ.

ಆಯ್ಕೆ ಮಾಡುವವರ ಕಡೆಯೂ ಕೂತವಳು ನಾನು, ಅದಕ್ಕೆ ಅವರ ಪಾಡೂ ಗೊತ್ತು. ಹಳೇ ಕಂಪನಿಯಲ್ಲಿ ಒಬ್ಬ ಜೂನಿಯರ್ ಬೇಕು ಅಂತ ಶುಕ್ರವಾರ ಸಂಜೆ ಜಾಹೀರಾತು ಹಾಕಿದ್ದೆವು. ಸೋಮವಾರ ಬೆಳಿಗ್ಗೆ ನೋಡಿದರೆ ಸಾವಿರದ ಹತ್ತಿರ ಅರ್ಜಿ! ನೋಡುವವರು ನಾವು ಮೂರು ಜನ, ಅದೂ ನಮ್ಮ ಕೆಲಸದ ನಡುವೆ. ನೂರಿನ್ನೂರು ನೋಡುವಷ್ಟರಲ್ಲಿ ಕಣ್ಣು ಮಂಜಾಯಿತು. ಅಷ್ಟರೊಳಗೇ ಐದು ಜನ ಸಿಕ್ಕರು, ಅಲ್ಲಿಗೆ ನಿಲ್ಲಿಸಿದೆವು. ಉಳಿದವರ ಅರ್ಜಿಗಳನ್ನು ಯಾರೂ ತೆರೆಯಲೇ ಇಲ್ಲ. ಅವರಿಗೆಲ್ಲ ಆರು ವಾರ ಬಿಟ್ಟು ಒಂದೇ ಮೇಲ್ ಹೋಯಿತು: 'ಎಚ್ಚರಿಕೆಯಿಂದ ಪರಿಶೀಲಿಸಿದ ನಂತರ...'

ಇಷ್ಟು ಅರ್ಜಿ ಯಾಕೆ ಬರುತ್ತವೆ? ಅಪ್ಲೈ ಮಾಡುವುದು ಅಷ್ಟು ಸುಲಭವಾಗಿದೆ, ಅದಕ್ಕೆ. ಕೆಲವು ಕಡೆ ಒಂದು ಬಟನ್ ಒತ್ತಿದರೆ ಮುಗೀತು. ಸುಲಭ ಆದದ್ದಕ್ಕೆ ಜಾಸ್ತಿ ಬರುತ್ತವೆ, ಜಾಸ್ತಿ ಬಂದದ್ದಕ್ಕೆ ಕಂಪನಿಯವರು ಯಂತ್ರದ ಕೈಲಿ ಸೋಸುತ್ತಾರೆ. ಯಂತ್ರ ಎಷ್ಟನ್ನು ಕೆಳಗೆ ತಳ್ಳುತ್ತದೋ ಗೊತ್ತಿಲ್ಲದ್ದರಿಂದ ಜನ ಇನ್ನೂ ಜಾಸ್ತಿ ಕಡೆ ಹಾಕುತ್ತಾರೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕೇಳಲೇಬೇಡಿ. ಜಾಹೀರಾತಿನಲ್ಲಿ ಇದ್ದ ಪದಗಳೇ ರೆಸ್ಯೂಮ್‌ನಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತವೆ. ನಾವು ನೋಡಿದ ಕವರ್ ಲೆಟರ್‌ಗಳಲ್ಲಿ ಅರ್ಧಕ್ಕರ್ಧ 'ಈ ಅವಕಾಶದ ಬಗ್ಗೆ ತಿಳಿದು ನನಗೆ ಅತೀವ ಸಂತೋಷವಾಯಿತು' ಅಂತಲೇ ಶುರು. ಬರೆಯುವುದೂ ಯಂತ್ರ, ಓದುವುದೂ ಯಂತ್ರ. ಸಂತೋಷ ಆಗಿದ್ದು ಯಾರಿಗೋ!

ಇದನ್ನು ಅರ್ಥಶಾಸ್ತ್ರದಲ್ಲಿ ಯಾವತ್ತೋ ಹೇಳಿಟ್ಟಿದ್ದಾರೆ. 1973ರಲ್ಲಿ ಮೈಕೆಲ್ ಸ್ಪೆನ್ಸ್ ಅನ್ನುವವರು ಉದ್ಯೋಗ ಮಾರುಕಟ್ಟೆಯ ಬಗ್ಗೆ ಒಂದು ಪ್ರಬಂಧ ಬರೆದರು. ಆ ದಾರಿಯ ಕೆಲಸಕ್ಕೆ 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅವರು ಹೇಳಿದ್ದು ಇಷ್ಟು. ಕೆಲಸ ಕೊಡುವವರಿಗೆ ಎದುರಿನವರು ಎಂಥವರು ಅಂತ ಕಾಣುವುದಿಲ್ಲ, ಹಾಗಾಗಿ ಯಾವುದಾದರೂ ಗುರುತು ನೋಡಿ ಅಂದಾಜು ಮಾಡುತ್ತಾರೆ. ಆ ಗುರುತು ಸಂಪಾದಿಸುವುದು ಎಲ್ಲರಿಗೂ ಒಂದೇ ಥರ ಸುಲಭವಾಗಿಬಿಟ್ಟರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಒಂದು ಕಾಲಕ್ಕೆ ಒಳ್ಳೆಯ ಕವರ್ ಲೆಟರ್ ಬರೆಯಲು ಒಂದು ಸಂಜೆ ಬೇಕಿತ್ತು. ಈ ಕೆಲಸ ನಿಜವಾಗಿಯೂ ಬೇಕು ಅನ್ನುವವರು ಮಾತ್ರ ಕೂತು ಬರೆಯುತ್ತಿದ್ದರು. ಈಗ ಅದಕ್ಕೆ ಹತ್ತು ಸೆಕೆಂಡ್ ಸಾಕು, ಹಾಗಾಗಿ ಅದನ್ನು ಯಾರೂ ನಂಬುವುದಿಲ್ಲ. ಇನ್ನೂ ಕಷ್ಟವಾಗಿಯೇ ಉಳಿದಿರುವ ಗುರುತುಗಳ ಹಿಂದೆ ಬೀಳುತ್ತಾರೆ: ಒಳಗಿನವರ ರೆಫರಲ್, ದೊಡ್ಡ ಕಾಲೇಜಿನ ಹೆಸರು, ಐದು ಸುತ್ತು ಇಂಟರ್ವ್ಯೂ, ಶನಿವಾರ ಭಾನುವಾರ ಕೂತು ಮಾಡಿಕೊಡಬೇಕಾದ ಬಿಟ್ಟಿ ಅಸೈನ್‌ಮೆಂಟ್. ಪರಿಚಯ ಇಲ್ಲದವರು, ಮನೆಯಲ್ಲಿ ಸಣ್ಣ ಮಕ್ಕಳಿರುವವರು ಈ ಸುತ್ತಿನಲ್ಲೇ ಉದುರುತ್ತಾರೆ.

ಅಂದಹಾಗೆ ಅಸೈನ್‌ಮೆಂಟ್ ಬಗ್ಗೆ ನನಗೆ ತಾತ್ವಿಕ ಜಗಳ ಇಲ್ಲ. ಸುಮ್ನೆ ಕೂತು 'ನಿಮ್ಮ ಬಗ್ಗೆ ಹೇಳಿ' ಅನ್ನುವುದಕ್ಕಿಂತ ಕೆಲಸದ ಒಂದು ತುಣುಕು ಮಾಡಿಸಿ ನೋಡುವುದು ಎಷ್ಟೋ ವಾಸಿ. 1998ರಲ್ಲಿ ಇಬ್ಬರು ಸಂಶೋಧಕರು 85 ವರ್ಷಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗಲೂ ಎಷ್ಟು ವರ್ಷದ ಅನುಭವ ಇದೆ ಅನ್ನುವುದಕ್ಕಿಂತ ಹೀಗೆ ಮಾಡಿಸಿ ನೋಡುವುದೇ ಹೆಚ್ಚು ಸರಿಯಾದ ಅಂದಾಜು ಕೊಟ್ಟಿತ್ತು. ಆದರೆ ನಲವತ್ತು ಪುಟದ ಕೈಪಿಡಿ ಕೊಟ್ಟು 'ಇದನ್ನು ಪೂರ್ತಿ ತಿದ್ದಿ ಕಳಿಸಿ' ಅಂದರೆ ಅದು ತುಣುಕಾ? ನನಗೆ ಹಾಗೆ ಕೊಟ್ಟವರಿದ್ದಾರೆ. ಕಳಿಸಿದ ಮೇಲೆ 'ತಲುಪಿತು' ಅಂತಲೂ ಹೇಳಲಿಲ್ಲ.

ಇನ್ನೊಂದು ಕಡೆಯಿಂದ ಇಂಟರ್ವ್ಯೂ ಅಂತ ಲಿಂಕ್ ಬಂತು. ತಲೆ ಬಾಚಿ, ಹಿಂದೆ ನೇತಾಡುತ್ತಿದ್ದ ಬಟ್ಟೆ ತೆಗೆದು, ಐದು ನಿಮಿಷ ಮುಂಚೆಯೇ ಕೂತೆ. ಆ ಕಡೆ ಯಾರೂ ಇಲ್ಲ. ಸ್ಕ್ರೀನ್ ತುಂಬ ನನ್ನದೇ ಮುಖ, ಅದರ ಮೇಲೆ ಒಂದು ಪ್ರಶ್ನೆ: 'ಸಹೋದ್ಯೋಗಿಯ ಜೊತೆ ಭಿನ್ನಾಭಿಪ್ರಾಯ ಬಂದಾಗ ಹೇಗೆ ನಿಭಾಯಿಸಿದಿರಿ?' ಯೋಚಿಸಲು ಮೂವತ್ತು ಸೆಕೆಂಡ್, ಹೇಳಲು ಎರಡು ನಿಮಿಷ. ಮೂಲೆಯಲ್ಲಿ ಅಂಕಿ ಇಳಿಯುತ್ತಾ ಇರುತ್ತದೆ. ಎದುರಿಗೆ ಮನುಷ್ಯರು ಇದ್ದರೆ ತಲೆ ಆಡಿಸುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಸಾಕು ಅನಿಸಿದರೆ ನಡುವೆ ಬಾಯಿ ಹಾಕುತ್ತಾರೆ. ಅದನ್ನು ನೋಡಿಕೊಂಡೇ ಅಲ್ವಾ ನಾವು ಮಾತನ್ನು ಬೆಳೆಸುವುದು, ಮೊಟಕು ಮಾಡುವುದು? ಇಲ್ಲಿ ನನ್ನ ಮುಖಕ್ಕೆ ನಾನೇ ನಗಬೇಕು. ಎರಡು ನಿಮಿಷ ಆದದ್ದೇ ತಡ, ಮಾತನ್ನು ಅರ್ಧಕ್ಕೇ ಕತ್ತರಿಸಿ ಮುಂದಿನ ಪ್ರಶ್ನೆ ಬಂತು. ಎಲ್ಲ ಮುಗಿದ ಮೇಲೆ 'ನಿಮ್ಮ ಅನುಭವಕ್ಕೆ ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ?' ಅಂತ ಕೇಳಿತು. 'ನಿಮಗೆ ಏನಾದರೂ ಕೇಳುವುದಿದೆಯೇ?' ಅಂತ ಕೇಳಲಿಲ್ಲ.

ಇಷ್ಟರ ನಡುವೆ ರೆಸ್ಯೂಮ್‌ನಲ್ಲಿ ಗ್ಯಾಪ್, ಅಂದರೆ ಕೆಲಸ ಇಲ್ಲದ ಖಾಲಿ ಅವಧಿ, ಬೆಳೆಯುತ್ತಾ ಹೋಗುತ್ತದೆ. ಅದರ ಕಥೆಯೇ ಬೇರೆ. ಅಮೆರಿಕದ 100 ನಗರಗಳಲ್ಲಿ ಸುಮಾರು 3,000 ಜಾಹೀರಾತುಗಳಿಗೆ 12,000ದಷ್ಟು ಕಾಲ್ಪನಿಕ ರೆಸ್ಯೂಮ್ ಕಳಿಸಿ ನೋಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕೆಲಸ ಇಲ್ಲದ ಅವಧಿ ಹೆಚ್ಚಾದಷ್ಟೂ ಇಂಟರ್ವ್ಯೂಗೆ ಕರೆ ಬರುವುದು ಕಡಿಮೆಯಾಯಿತು. ಮೊದಲ ಎಂಟು ತಿಂಗಳಲ್ಲೇ ಇಳಿತ ಜೋರು. ಕೆಲಸ ಇಲ್ಲ ಅನ್ನುವುದೇ ಕೆಲಸ ಸಿಗದಿರುವುದಕ್ಕೆ ಕಾರಣ ಅಂದ ಹಾಗಾಯಿತು. ಕಾಂಟ್ರ್ಯಾಕ್ಟ್ ಕೆಲಸಗಳನ್ನೆಲ್ಲ ರೆಸ್ಯೂಮ್‌ನಲ್ಲಿ ಸೇರಿಸಿಕೊಂಡು ಆ ಖಾಲಿ ಜಾಗಕ್ಕೆ ತೇಪೆ ಹಾಕಿದ್ದೇನೆ.

ಹೀಗಿರುವಾಗ ಹಳೇ ಸಹೋದ್ಯೋಗಿಯೊಬ್ಬರು, ಈಗ ದೊಡ್ಡ ಮ್ಯಾನೇಜರ್, ಫೋನ್ ಮಾಡಿ ಅರ್ಧ ಗಂಟೆ ಗೋಳಾಡಿದರು. 'ಈಗಿನ ಹುಡುಗರಿಗೆ ಬದ್ಧತೆ ಅನ್ನೋದೇ ಇಲ್ಲ ಮೇಡಂ. ಆರು ಗಂಟೆ ಆಯ್ತಾ, ಲ್ಯಾಪ್‌ಟಾಪ್ ಮುಚ್ಚಿದ್ರು. ಆಫರ್ ಒಪ್ಕೊಂಡು ಸೇರೋ ದಿನ ನಾಪತ್ತೆ. ಫೋನ್ ಮಾಡಿದ್ರೆ ಎತ್ತಲ್ಲ.'

ಕೇಳುತ್ತಾ ಕೇಳುತ್ತಾ ನನಗೆ ನಗು ಬಂತು. ಫೋನ್ ಎತ್ತುವುದಿಲ್ಲವಂತೆ! ಇದನ್ನು ಅವರಿಗೆ ಕಲಿಸಿದವರು ಯಾರು? ಮೂರು ಸುತ್ತು ಇಂಟರ್ವ್ಯೂ ಮಾಡಿ ಆಮೇಲೆ ಮಾಯವಾಗುವುದನ್ನು ಮೊದಲು ಮಾಡಿದ್ದು ಯಾರು?

ನನ್ನ ಅಕ್ಕನ ಮಗಳು ಕೆಲಸಕ್ಕೆ ಸೇರಿ ಎರಡು ವರ್ಷ ಆಗಿದೆ. ಅವಳದೂ ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚುವ ಪಂಗಡವೇ. ಇದಕ್ಕೆ 2022ರಲ್ಲಿ 'ಕ್ವಯಟ್ ಕ್ವಿಟಿಂಗ್', ಅಂದರೆ ಸದ್ದಿಲ್ಲದೆ ಕೆಲಸ ಬಿಡುವುದು, ಅಂತ ಹೆಸರಿಟ್ಟು ದೊಡ್ಡ ಚರ್ಚೆ ಮಾಡಿದರು. ಅದಕ್ಕೂ ಒಂದು ವರ್ಷ ಮುಂಚೆ ಚೀನಾದ ಯುವಕರು 'ಸುಮ್ಮನೆ ಮಲಗಿಬಿಡೋಣ' ಅನ್ನುವ ಅರ್ಥದಲ್ಲಿ 'ತಾಂಗ್ ಪಿಂಗ್' ಅನ್ನತೊಡಗಿದ್ದರು. ಒಪ್ಪಿಕೊಂಡಷ್ಟು ಕೆಲಸ ಮಾಡಿ ಎದ್ದು ಹೋಗುವುದಕ್ಕೆ 'ಕೆಲಸ ಬಿಡುವುದು' ಅಂತ ಹೆಸರು ಕೊಟ್ಟ ಪುಣ್ಯಾತ್ಮರು ಯಾರೋ. ದಿನಕ್ಕೆ ಎಂಟು ಗಂಟೆ ಅನ್ನುವುದು ಈ ಮಕ್ಕಳು ಕಂಡುಹಿಡಿದದ್ದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ಹುಟ್ಟಿದ ವರ್ಷವೇ ಮಾಡಿಕೊಂಡ ಮೊಟ್ಟಮೊದಲ ಒಪ್ಪಂದ ಅದು, ಕಾರ್ಖಾನೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ ಅಂತ.

ಅವಳಿಗೆ ಒಮ್ಮೆ ಬುದ್ಧಿ ಹೇಳಲು ಹೋದೆ. 'ಶುರುವಿನಲ್ಲಿ ಸ್ವಲ್ಪ ಜಾಸ್ತಿ ದುಡಿದರೆ ಮುಂದೆ ಅನುಕೂಲ ಆಗತ್ತೆ ಕಣೇ.'

'ಚಿಕ್ಕಮ್ಮ, ನೀನು ಎಷ್ಟು ರಾತ್ರಿ ಕೂತು ಬರೀತಿದ್ದೆ ಅಂತ ನಾನು ನೋಡಿಲ್ವಾ? ಕೊನೇ ದಿನ ನಿನ್ನ ಜೊತೆ ಎಷ್ಟು ಹೊತ್ತು ಮಾತಾಡಿದ್ರು?'

ಹದಿನೈದು ನಿಮಿಷದ ಮೀಟಿಂಗ್. ಅದರಲ್ಲೂ ಎಚ್‌ಆರ್ ಕಡೆಯವರ ಮೈಕ್ ಕೆಲಸ ಮಾಡದೆ ಐದು ನಿಮಿಷ ಹೋಗಿತ್ತು.

ಅವಳ ಬಳಗದವರು ಕೆಲಸದ ಬಗ್ಗೆ ಕಲಿತದ್ದೇ ಈ ಕಾಲದಲ್ಲಿ. 2022ರ ನವೆಂಬರ್‌ನಲ್ಲಿ ಫೇಸ್‌ಬುಕ್ ನಡೆಸುವ ಮೆಟಾ 11,000 ಜನರನ್ನು ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್ 12,000 ಹುದ್ದೆ ಕಡಿತ ಅಂತ ಹೇಳಿತು. ಅಲ್ಲಿ ಎಷ್ಟೋ ಜನಕ್ಕೆ ಬೆಳಿಗ್ಗೆ ಲಾಗಿನ್ ಆಗದೇ ಹೋದಾಗಲೇ ವಿಷಯ ಗೊತ್ತಾದದ್ದು. ನನ್ನ ಅಪ್ಪ ಒಂದೇ ಕಡೆ ಸೇರಿ ಅಲ್ಲೇ ನಿವೃತ್ತರಾದವರು. ಅವರೂ ಮನೆಗೆ ತಡವಾಗಿ ಬರುತ್ತಿದ್ದರು, ರಜೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಆದರೆ ಅವರು ಕೊಟ್ಟದ್ದಕ್ಕೆ ಆ ಕಡೆಯಿಂದಲೂ ಒಂದು ಭರವಸೆ ಇತ್ತು: ಕಾಯಿಲೆ ಬಿದ್ದರೆ ಕೆಲಸ ಹೋಗುವುದಿಲ್ಲ, ನಿವೃತ್ತಿಯಾದ ಮೇಲೆ ಪೆನ್ಶನ್ ಬರುತ್ತದೆ. ಆ ಭರವಸೆ ತೆಗೆದು ಹಾಕಿ, ಬದ್ಧತೆ ಮಾತ್ರ ಹಾಗೇ ಇರಲಿ ಅಂದರೆ ಹೇಗೆ?

ಒಂದು ವಿಷಯದಲ್ಲಿ ಮಾತ್ರ ಅವಳ ಜೊತೆ ನನ್ನ ತಕರಾರು ಇದೆ. ತಾನು ಬರೆದ ಕೋಡ್ ಹೇಗಿದ್ದರೂ ನಡೆಯುತ್ತದೆ ಅನ್ನುವ ಧಾಟಿಯಲ್ಲಿ ಮಾತಾಡುತ್ತಾಳೆ. ನನಗೆ ಅದು ಆಗುವುದಿಲ್ಲ. ಯಾರೂ ಓದದ ಪುಟವೇ ಇರಲಿ, 'ಸೇವ್ ಒತ್ತಿ' ಅನ್ನುವ ಮುಂಚೆ 'ಬ್ಯಾಕಪ್ ತೆಗೆದುಕೊಳ್ಳಿ' ಬರಬೇಕು, ಆಮೇಲಲ್ಲ. ಅದನ್ನು ಕಂಪನಿಗೋಸ್ಕರ ಮಾಡುವುದಿಲ್ಲ, ರಾತ್ರಿ ಹನ್ನೆರಡಕ್ಕೆ ಆ ಪುಟ ತೆರೆದು ಕೂತ ಯಾರೋ ಒಬ್ಬರ ಫೈಲ್ ಹಾಳಾಗಬಾರದು ಅಂತ ಮಾಡುತ್ತೇನೆ. ಇದನ್ನು ಹೇಳಿದರೆ 'ಅದೆಲ್ಲ ನಿಮ್ಮ ಕಾಲದ್ದು' ಅನ್ನುತ್ತಾಳೆ. ಅನ್ನಲಿ. ಹತ್ತು ವರ್ಷ ಬಿಟ್ಟು ಕೇಳುತ್ತೇನೆ.

ಉತ್ತರ ಕೊಡದ ಕಂಪನಿಗಳ ಮೌನಕ್ಕೆ ಮದ್ದೇ ಇಲ್ಲ ಅಂತೇನಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಹೊಸ ನಿಯಮಗಳು ಬಂದಿವೆ. 25 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ಸಾರ್ವಜನಿಕವಾಗಿ ಜಾಹೀರಾತು ಹಾಕಿ ಇಂಟರ್ವ್ಯೂ ಮಾಡಿದರೆ, 45 ದಿನದೊಳಗೆ ನಿರ್ಧಾರ ಆಯಿತೋ ಇಲ್ಲವೋ ಅಂತ ತಿಳಿಸಬೇಕು. ಹುದ್ದೆ ನಿಜವಾಗಿ ಖಾಲಿ ಇದೆಯೇ, ಸೋಸಲು ಎಐ ಬಳಸುತ್ತಾರೆಯೇ ಅನ್ನುವುದನ್ನು ಜಾಹೀರಾತಿನಲ್ಲೇ ಹೇಳಬೇಕು. ಒಂದು ಉತ್ತರ ಕೊಡಿಸಲು ಕಾನೂನೇ ಬೇಕಾಯಿತು ನೋಡಿ.

ಎಲ್ಲ ಕಡೆ ಅಂಥ ಕಾನೂನು ಇಲ್ಲವಲ್ಲ, ನಾನೇ ಕೇಳಲು ಶುರು ಮಾಡಿದ್ದೇನೆ. ಎಚ್‌ಆರ್‌ನಿಂದ ಮೊದಲ ಫೋನ್ ಬಂದಾಗಲೇ ಮೂರು ಪ್ರಶ್ನೆ. ಈ ಹುದ್ದೆಗೆ ಒಪ್ಪಿಗೆ ಸಿಕ್ಕಿದೆಯಾ? ಒಟ್ಟು ಎಷ್ಟು ಸುತ್ತು? ಬೇಡ ಅಂತಾದರೆ ಯಾವಾಗ ಹೇಳುತ್ತೀರಿ? ಕೆಲವರಿಗೆ ಸಿಟ್ಟು ಬರುತ್ತದೆ. ಒಬ್ಬರು 'ಇಷ್ಟು ಬೇಗ ಬೇಡ ಅಂತ ಯಾಕೆ ಅಂದುಕೊಳ್ತೀರಿ, ಪಾಸಿಟಿವ್ ಆಗಿರಿ' ಅಂತ ಉಪದೇಶ ಮಾಡಿದರು. ಅವರಿಂದ ಮತ್ತೆ ಸುದ್ದಿ ಇಲ್ಲ. ಮೊನ್ನೆ ಫೋನ್ ಮಾಡಿದ ಹುಡುಗಿ ಮಾತ್ರ ಒಂದು ಕ್ಷಣ ತಡೆದು, ದನಿ ತಗ್ಗಿಸಿ, 'ನಿಜ ಹೇಳ್ಬೇಕು ಅಂದ್ರೆ ಮೇಡಂ, ಬಜೆಟ್ ಇನ್ನೂ ಪಾಸ್ ಆಗಿಲ್ಲ. ರೆಸ್ಯೂಮ್ ಕೂಡಿಸಿ ಇಟ್ಕೊಳ್ಳಿ ಅಂದಿದ್ದಾರೆ ಅಷ್ಟೆ' ಅಂದಳು. ಅವಳ ಹೆಸರು ಬರೆದಿಟ್ಟುಕೊಂಡಿದ್ದೇನೆ. ಆ ಬಜೆಟ್ ಯಾವತ್ತಾದರೂ ಪಾಸ್ ಆದರೆ, ಅಲ್ಲಿಗೆ ನಲವತ್ತು ಪುಟ ಬೇಕಾದರೂ ತಿದ್ದಿ ಕಳಿಸುತ್ತೇನೆ.