ಮೇಸ್ತ್ರಿ ಕೇಳಿದ ಸೊನ್ನೆ

ಮೇ ತಿಂಗಳ ಕೊನೆ. ಮಂಗಳೂರಿನ ಶಕ್ತಿನಗರದ ಇಳಿಜಾರಿನಲ್ಲಿ ನಾನು ನಕ್ಷೆ ಬರೆದ ಮನೆಯೊಂದರ ಹಿಂಬದಿಗೆ ಮಳೆನೀರಿನ ಚರಂಡಿ ಅಗೆಯುತ್ತಿದ್ದರು. ಬೆಳಿಗ್ಗೆ ಮೇಸ್ತ್ರಿಯ ಫೋನ್ ಬಂತು. “ಮೇಡಂ, ನಿಮ್ಮ ಸೊನ್ನೆ ಎಲ್ಲಿಂದ?”

ಸ್ಕೂಟರಿನಲ್ಲಿ ಹೋಗಿ ನೋಡಿದರೆ ಎರಡು ಮೀಟರ್ ಉದ್ದಕ್ಕೆ ಮುರಕಲ್ಲು ಕಡಿದಾಗಿತ್ತು. ಮೇಸ್ತ್ರಿ ನನ್ನ ಎರಡು ಹಾಳೆಗಳನ್ನು ಪಕ್ಕಪಕ್ಕ ಹಿಡಿದರು. ಸೈಟ್ ಪ್ಲಾನಿನಲ್ಲಿ ಚರಂಡಿಯ ತಳ 97.650 ಮೀಟರ್. ಮನೆಯನ್ನು ಸೀಳಿದಂತೆ ತೋರಿಸುವ ಸೆಕ್ಷನ್‌ನಲ್ಲಿ ಅದೇ ತಳ −2.800. ಲೆಕ್ಕಕ್ಕೆ ಎರಡೂ ಸರಿ. ಸರ್ವೆಯವರು ರಸ್ತೆಬದಿಯ ಮೋರಿಯ ಕಟ್ಟೆಗೆ ಕೆಂಪು ಬಣ್ಣ ಬಳಿದು ಅದನ್ನು 100.000 ಎಂದು ಹಿಡಿದಿದ್ದರು. ಮನೆಯ ನೆಲ ಅದಕ್ಕಿಂತ 45 ಸೆಂಟಿಮೀಟರ್ ಎತ್ತರ. ಸೆಕ್ಷನ್‌ಗೆ ಆ ನೆಲವೇ ಸೊನ್ನೆ; ಆದರೆ ಆ ಮಾತು ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಕೆಲಸದವರು ಕೆಂಪು ಗುರುತಿನಿಂದಲೇ 2.800 ಇಳಿದಿದ್ದರು. ತಳ 97.200 ಮುಟ್ಟಿತ್ತು. ಈ ನೀರು ಸೇರಬೇಕಾದ ಹಿಂದಿನ ಓಣಿಯ ಚರಂಡಿಯ ತಳವೋ 97.400. ಮೇಸ್ತ್ರಿ ನೀರು ತುಂಬಿದ ಪೈಪನ್ನು ಎರಡೂ ಕಡೆ ಹಿಡಿದು ನೋಡಿರದಿದ್ದರೆ, ಜೂನ್ ಮಳೆಗೆ ಓಣಿಯ ನೀರೆಲ್ಲ ಈ ಅಂಗಳಕ್ಕೇ ಬರುತ್ತಿತ್ತು. ಅವರಿಗೆ ನಾನು ಋಣಿ.

ಮನೆಯ ಯಜಮಾನರು ಪಕ್ಕದಲ್ಲೇ ನಿಂತಿದ್ದು, “ಹಾಗಾದರೆ ನಮ್ಮ ಮನೆ ಸಮುದ್ರದಿಂದ ನೂರು ಮೀಟರ್ ಮೇಲಿದೆಯೇ?” ಎಂದು ಕೇಳಿದರು. ಇಲ್ಲ. ಇಳಿಜಾರಿನಲ್ಲಿ ಅಂಕೆಗಳು ಋಣಕ್ಕೆ ಹೋಗದಿರಲಿ ಎಂದು ಸರ್ವೆಯವರು ಇಟ್ಟುಕೊಂಡ ನೂರು ಅದು. ದೇಶದ ಸಮುದ್ರಮಟ್ಟದ ಲೆಕ್ಕವೇ ಬೇರೆ. ಕಾರವಾರವೂ ಸೇರಿ ಒಂಬತ್ತು ಕಡೆಯ ಉಬ್ಬರವಿಳಿತದ ಅಳತೆಯಿಂದ 1909ರಲ್ಲಿ ನಿಗದಿಯಾದದ್ದು.

ಮಧ್ಯಾಹ್ನ ಕಚೇರಿಯಲ್ಲಿ, ಕಟ್ಟಡದ ನಕ್ಷೆ ಬರೆಯುವ ತಂತ್ರಾಂಶವಾದ ರೆವಿಟ್‌ನಲ್ಲಿ ಕಡತ ತೆರೆದೆ. ಅದರಲ್ಲಿ ಎತ್ತರ ಎಣಿಸಲು ಮುಖ್ಯವಾಗಿ ಎರಡು ಬಿಂದುಗಳಿವೆ: ವೃತ್ತದ ಗುರುತಿನ ಪ್ರಾಜೆಕ್ಟ್ ಬೇಸ್ ಪಾಯಿಂಟ್, ಇಲ್ಲಿ ಮನೆಯ ನೆಲದ ಸೊನ್ನೆ; ತ್ರಿಕೋನದ ಸರ್ವೆ ಪಾಯಿಂಟ್, ಸರ್ವೆಯವರ ಲೆಕ್ಕದ್ದು. ಸರ್ವೆಯ ಎತ್ತರವನ್ನು ಆರಂಭದಲ್ಲೇ ಸರಿಯಾಗಿ ಕೊಟ್ಟಿದ್ದೆ. ಹಾಗಾಗಿಯೇ ಧೈರ್ಯವಾಗಿದ್ದೆ. ಎಡವಿದ್ದು ಗುರುತುಗಳಲ್ಲಿ. ಮಹಡಿಯ ಮಟ್ಟ ತೋರಿಸುವ ಲೆವೆಲ್ ಗುರುತು ಯಾವ ಬಿಂದುವಿನಿಂದ ಎಣಿಸಬೇಕು ಎಂಬುದನ್ನು ಅದರ ಟೈಪ್‌ನಲ್ಲಿರುವ ‘ಎಲಿವೇಷನ್ ಬೇಸ್’ ನಿರ್ಧರಿಸುತ್ತದೆ. ಒಂದೊಂದು ಜಾಗದ ಎತ್ತರ ಬರೆಯುವ ಸ್ಪಾಟ್ ಎಲಿವೇಷನ್‌ಗೆ ‘ಎಲಿವೇಷನ್ ಒರಿಜಿನ್’. ಸೈಟ್ ಪ್ಲಾನಿನ ಸ್ಪಾಟ್‌ಗಳು ಸರ್ವೆ ಪಾಯಿಂಟನ್ನೂ ಸೆಕ್ಷನ್‌ನವು ಬೇಸ್ ಪಾಯಿಂಟನ್ನೂ ಹಿಡಿದಿದ್ದವು. ಅಚ್ಚಾದ ಮೇಲೆ ಎರಡೂ ನೋಡಲು ಒಂದೇ ರೀತಿ. ಅದೇ ಅಪಾಯ.

ಮನೆಯ ಹೊರಗಿನ ಚರಂಡಿ, ಕಾಂಪೌಂಡ್, ತಡೆಗೋಡೆಗಳ ಗುರುತುಗಳನ್ನೆಲ್ಲ ಯಾವ ಹಾಳೆಯಲ್ಲಿದ್ದರೂ ಸರ್ವೆ ಪಾಯಿಂಟಿಗೆ ಬದಲಿಸಿದೆ. ಒಳಗಿನವು ಬೇಸ್ ಪಾಯಿಂಟಿಗೇ ಉಳಿದವು. ಟೈಪ್‌ಗಳಿಗೆ ‘ಮೋರಿಯಿಂದ’, ‘ನೆಲದಿಂದ’ ಎಂದು ಹೆಸರಿಟ್ಟು, ಗುರುತಿನ ಆಕಾರವನ್ನೂ ಬೇರೆ ಮಾಡಿದೆ. ಪ್ರತಿ ಹಾಳೆಯ ಮೂಲೆಯಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲು: ±0.000 = 100.450.

ಸಂಜೆ ಹೊಸ ಹಾಳೆಗಳನ್ನು ಕೊಟ್ಟಾಗ ಮೇಸ್ತ್ರಿ ಮೊದಲು ಓದಿದ್ದು ಆ ಸಾಲನ್ನೇ. ಹೆಚ್ಚು ಕಡಿದ ಜಾಗಕ್ಕೆ ಕಾಂಕ್ರೀಟ್ ತುಂಬಲು ಹೇಳಿದರು. ಆಮೇಲೆ ಕೆಂಪು ಬಣ್ಣದ ಡಬ್ಬಿ ತರಿಸಿ, ಗೋಡೆಯ ಮೇಲೆ ನೆಲಮಟ್ಟಕ್ಕೆ ಸರಿಯಾಗಿ ಗೆರೆ ಎಳೆದು, 100.450 ಎಂದು ಬರೆದು, ಪಕ್ಕದಲ್ಲೊಂದು ದೊಡ್ಡ ಸೊನ್ನೆ ಸುತ್ತಿದರು.